ಇಪ್ಪತ್ತಮೂರನೇ ನಂಬರಿನ ಖಾಲಿ ಚೌಕ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನಿಗೆ ನಿವೃತ್ತಿಯಾದ ಮೇಲೆ ಎರಡು ಕಾಯಿಲೆಗಳು ಉಳಿಯುತ್ತವೆ. ಒಂದು ಮಂಡಿನೋವು. ಇನ್ನೊಂದು, ಕೈಗೆ ಸಿಕ್ಕ ಕಾಗದದಲ್ಲೆಲ್ಲ ತಪ್ಪು ಹುಡುಕುವುದು. ಮದುವೆಯ ಕರೆಯೋಲೆ, ಔಷಧಿ ಡಬ್ಬಿಯ ಮೇಲಿನ ಸೂಚನೆ, ಬಸವೇಶ್ವರನಗರದ ನಮ್ಮ ಬೀದಿಯ ಗಣಪತಿ ಉತ್ಸವದ ಕರಪತ್ರ, ಯಾವುದನ್ನೂ ನಾನು ಕೆಂಪು ಪೆನ್ನಿಲ್ಲದೆ ಓದಿದವನಲ್ಲ. ಮೊದಲನೆಯ ಕಾಯಿಲೆಗೆ ಎಣ್ಣೆ ಹಚ್ಚಿಕೊಂಡೆ. ಎರಡನೆಯದಕ್ಕೆ, ನನ್ನ ಗ್ರಹಚಾರಕ್ಕೆ, ಒಂದು ಕೆಲಸ ಸಿಕ್ಕಿತು.

ರಾಜಾಜಿನಗರದಲ್ಲಿ ಹಳೆಯ ಮನೆಯೊಂದರ ಮೊದಲ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದ ಸಣ್ಣ ಸಂಸ್ಥೆಯೊಂದು ಹೆಂಗಸರ ಆರೋಗ್ಯದ ಸಮೀಕ್ಷೆ ನಡೆಸುವುದಿತ್ತು. ಮುಟ್ಟು, ಬಸಿರು, ಹೆರಿಗೆ, ಮಕ್ಕಳಾಗದಂತೆ ನೋಡಿಕೊಳ್ಳುವ ಬಗೆಗಳು, ಇವುಗಳ ಜೊತೆಗೆ ಎಚ್‌ಐವಿ. ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು, ಅದನ್ನು ಕನ್ನಡಕ್ಕೆ ತರಲು ಒಬ್ಬ ಮೇಷ್ಟ್ರು ಬೇಕಾಗಿದ್ದರು. ನಾನು ಮೂರು ವಾರ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತು ಅನುವಾದಿಸಿದೆ. ನನ್ನ ಹೆಂಡತಿ ಎರಡು ಸಲ ಬಂದು ಕಾಗದದ ಮೇಲೆ ಕಣ್ಣಾಡಿಸಿ, ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ಕೇಳಿ ಹೋದಳು.

ಅನುವಾದ ಪರಿಶುದ್ಧವಾಗಿತ್ತು. ಒಂದೊಂದು ಶಬ್ದವೂ ಮಡಿಯುಟ್ಟು ನಿಂತಂತಿತ್ತು. ತರಬೇತಿಯ ದಿನ ಮನೆಮನೆಗೆ ಹೋಗಿ ಪ್ರಶ್ನೆ ಕೇಳಬೇಕಾದ ಹೆಣ್ಣುಮಕ್ಕಳು ಅದನ್ನು ಗಟ್ಟಿಯಾಗಿ ಓದಿದರು. ಅವರಲ್ಲಿ ಹಾವೇರಿ ಕಡೆಯವಳೊಬ್ಬಳು, ವಿಜಯನಗರದ ಪೀಜಿಯಲ್ಲಿದ್ದುಕೊಂಡು ಇಂಥ ಸಮೀಕ್ಷೆಗಳಲ್ಲೇ ನಾಲ್ಕಾರು ವರ್ಷ ಸವೆಸಿದವಳು, ಲೈಂಗಿಕ ಸಂಪರ್ಕದ ಬಗೆಗಿನ ನನ್ನ ಪ್ರಶ್ನೆಯನ್ನು ಎರಡು ಸಲ ಓದಿಕೊಂಡು ತಲೆಯೆತ್ತಿದಳು.

"ಸರ್, ಇದನ್ನ ಕೇಳಿದ್ರ, ಪೂಜಿ ಯಾವತ್ತು ಇಟ್ಕೊಂಡೀರಿ ಅಂತಾರ ನೋಡ್ರಿ."

ಕೋಣೆಯೆಲ್ಲ ನಕ್ಕಿತು. ಆಮೇಲೆ ಅರ್ಧ ದಿನ ಕುಳಿತು ನನ್ನ ಸಮಾಸಗಳನ್ನೆಲ್ಲ ಬಿಡಿಸಿ, ಹೆಂಗಸರು ನಲ್ಲಿಯ ಹತ್ತಿರ ಆಡುವ ಮಾತುಗಳನ್ನು ಆ ಜಾಗಕ್ಕೆ ಹಾಕಿದರು. ನಾನು ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಗೋಡೆ ನೋಡುತ್ತ ಕುಳಿತಿದ್ದೆ. ಆದರೂ ಇಡೀ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ ಮಾತ್ರ ಪೂರ್ತಿ ನನ್ನದೇ. ಸೋಂಕಿತರ ಬಗ್ಗೆ ಜನರ ಮನೋಭಾವ ತಿಳಿಯುವ ಭಾಗವೊಂದಿತ್ತು: ಅಂಥವರ ಪಕ್ಕ ಕೂರುತ್ತೀರಾ, ಅಂಥವರ ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತೀರಾ, ಇತ್ಯಾದಿ. ಬೆಂಗಳೂರಿನಲ್ಲಿ ಮನುಷ್ಯನ ನಿಜ ಬಣ್ಣ ತಿಳಿಯುವುದು ಅಂಗಡಿಯಲ್ಲಲ್ಲ, ಬಾಡಿಗೆ ಮನೆಯ ಬಾಗಿಲಲ್ಲಿ ಎಂದು ನಾನು ವಾದಿಸಿದೆ. ಸಂಸ್ಥೆಯ ಮುಖ್ಯಸ್ಥೆ ಒಪ್ಪಿದರು. ಹೀಗೆ "ಅಂಥವರಿಗೆ ನೀವು ಮನೆ ಬಾಡಿಗೆಗೆ ಕೊಡುತ್ತೀರಾ?" ಎಂಬ ಪ್ರಶ್ನೆ ಸೇರಿಕೊಂಡಿತು. ಅದು ನನ್ನ ಏಕೈಕ ಮೌಲಿಕ ಕೃತಿ.

ಬಹುಶಃ ಆ ಹುರುಪಿನಲ್ಲೇ ನನ್ನನ್ನು ಮೇಲ್ವಿಚಾರಕನನ್ನಾಗಿಯೂ ಮಾಡಿದರು. ತಲೆ ನರೆತವರೊಬ್ಬರು ಜೊತೆಗಿದ್ದರೆ ಓಣಿಯ ಜನ ಬಾಗಿಲು ತೆಗೆಯುತ್ತಾರೆ ಎಂಬುದು ಅವರ ಲೆಕ್ಕಾಚಾರ. ಕೆಲಸ ಸರಳವಿತ್ತು. ಮೊದಲು ಬೀದಿಯುದ್ದಕ್ಕೂ ನಡೆದು ಪ್ರತಿ ಮನೆಯ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಒಂದು ನಂಬರು ಬರೆಯುವುದು. ಆಮೇಲೆ ಐದನೆಯದರಿಂದ ಶುರುಮಾಡಿ ಒಂಬತ್ತಕ್ಕೊಂದರಂತೆ ಮನೆ ಆರಿಸಿ, ಆ ನಂಬರಿನ ಸುತ್ತ ವೃತ್ತ ಎಳೆಯುವುದು, ಪ್ರಶ್ನೆ ಕೇಳುವವಳಿಗೆ ಮನೆ ತಪ್ಪದಿರಲಿ ಎಂದು. ಸೀಮೆಸುಣ್ಣ ಯಾವ ಬಣ್ಣದ್ದಿರಬೇಕೆಂದು ಕೈಪಿಡಿಯಲ್ಲಿ ಹೇಳಿರಲಿಲ್ಲ. ನಮ್ಮ ಪಾಲಿಗೆ ಬಂದ ಲಗ್ಗೆರೆ ಬಡಾವಣೆಯ ಬಾಗಿಲುಗಳ ಪಕ್ಕದಲ್ಲಿ ಆಗಲೇ ಪೋಲಿಯೋ ಹನಿಯವರ ಗುರುತು, ಜನಗಣತಿಯವರ ಅಂಕಿ, ಮೀಟರ್ ಬೋರ್ಡಿನ ಬಳಿ ಯಾವುದೋ ಸರ್ವೆಯ ಸ್ಟಿಕ್ಕರು, ಹೀಗೆ ಸರ್ಕಾರದ ಹಸ್ತಾಕ್ಷರಗಳು ಸಾಕಷ್ಟಿದ್ದವು. ಬಿಳಿಯ ವೃತ್ತ ಆ ಜಾತ್ರೆಯಲ್ಲಿ ಕಳೆದುಹೋಗುತ್ತಿತ್ತು. ನನ್ನ ಮನೆಯಲ್ಲಿ ಶಾಲೆಯಿಂದ ಉಳಿದುಬಂದ ಒಂದು ಡಬ್ಬಿ ಕೆಂಪು ಸೀಮೆಸುಣ್ಣವಿತ್ತು. ಅದನ್ನು ತಂದೆ. ಕೆಂಪಿಗೆ ಒಂದು ಗಾಂಭೀರ್ಯವಿದೆ ಎಂದು ನಾನು ನಂಬಿದ್ದ ಕಾಲ ಅದು.

ಲಗ್ಗೆರೆಯ ಒಂದು ಕ್ರಾಸಿನಲ್ಲಿ ಹನ್ನೆರಡು ಮನೆಗಳ ಒಂದು ಕಟ್ಟಡ. ನೆಲಮಹಡಿಯಲ್ಲಿ ಮಾಲೀಕರು, ಮೇಲಿನ ಮೂರು ಮಹಡಿಗಳಲ್ಲಿ ಹನ್ನೊಂದು ಬಾಡಿಗೆಯ ಸಂಸಾರ. ಮಾಲೀಕರೆಂದರೆ ವ್ಯವಹಾರದಲ್ಲಿ ಆ ಮನೆಯ ಗೃಹಿಣಿಯೇ. ವಯಸ್ಸು ನಲವತ್ತೈದರ ಆಸುಪಾಸು, ಹಣೆಯ ತುಂಬ ಕುಂಕುಮ. ಹಳೆಯ ಊರಿನವರು. ಹಿಂದೆ ಇಲ್ಲೆಲ್ಲ ತಮ್ಮ ರಾಗಿ ಹೊಲವಿತ್ತು ಎಂದು ಕೈಚಾಚಿ ತೋರಿಸಿದರು. ತೋರಿಸಿದ ಕಡೆ ಒಂದು ಮೊಬೈಲ್ ಟವರು ನಿಂತಿತ್ತು. ನನ್ನ ಎರಡು ವಾಕ್ಯ ಕೇಳುತ್ತಲೇ ಮೇಷ್ಟ್ರೆಂದು ಗುರುತಿಸಿ, ಒಳಗೆ ಕೂರಿಸಿ, ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಕೊಟ್ಟರು. ನನ್ನ ಒಂಬತ್ತರ ಮಗ್ಗಿ ಅವರ ಮನೆಯ ಮೇಲೇ ಬಂದು ನಿಂತಿತ್ತು: ಹದಿನಾಲ್ಕನೇ ನಂಬರು. ಅದಕ್ಕೊಂದು ಕೆಂಪು ವೃತ್ತ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಮೂರನೇ ಮಹಡಿಯ ಮೊದಲ ಬಾಗಿಲು, ಇಪ್ಪತ್ತಮೂರು. ಅದಕ್ಕೂ ಒಂದು ಕೆಂಪು ವೃತ್ತ. ಎರಡೂ ಅಷ್ಟೇ ದುಂಡಗೆ, ಪಕ್ಷಪಾತವಿಲ್ಲದೆ ಎಳೆದಿದ್ದೆ.

ಹಾವೇರಿಯ ಹುಡುಗಿ ಶುಕ್ರವಾರ ಇಬ್ಬರನ್ನೂ ಮಾತನಾಡಿಸಿದಳು. ಮನೆಯೊಡತಿ ಎಲ್ಲ ಪ್ರಶ್ನೆಗೂ ಚಕಚಕನೆ ಉತ್ತರ ಕೊಟ್ಟರಂತೆ. ಬೆರಳ ತುದಿಯಿಂದ ಒಂದು ಹನಿ ರಕ್ತ ಕೊಡುತ್ತೀರಾ, ಇಷ್ಟವಿದ್ದರೆ ಮಾತ್ರ ಎಂದು ಕೇಳಿದಾಗ, ಶುಕ್ರವಾರ ಮನೆಯಿಂದ ರಕ್ತ ಹೊರಗೆ ಹೋಗಬಾರದು ಎಂದರಂತೆ. ನಾಳೆ ಬರಲೇ ಎಂದರೆ, ಶನಿವಾರವಂತೂ ಬೇಡವೇ ಬೇಡ ಎಂದರಂತೆ. ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಬೇಕು, ಅದು ನಿಯಮ. ಬಿಟ್ಟಳು.

ಇಪ್ಪತ್ತಮೂರನೆಯ ಮನೆಯಲ್ಲಿದ್ದವಳು ಕೊಪ್ಪಳದ ಕಡೆಯವಳು. ಗಂಡ ಪೀಣ್ಯದಲ್ಲಿ ಲೋಹದ ಸಾಮಾನಿಗೆ ಬಣ್ಣ ಹಾಕುವ ಕಾರ್ಖಾನೆಗೆ ಹೋಗುತ್ತಿದ್ದ. ಆರು ವರ್ಷದ ಒಬ್ಬ ಮಗಳು ಪಕ್ಕದ ಬೀದಿಯ ಶಾಲೆಗೆ. ಇವಳು ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಸಮೀಕ್ಷೆಯ ಮಾತು ಯಾರ ಕಿವಿಗೂ ಬೀಳಬಾರದೆಂದು ಕೈಪಿಡಿಯ ಕಟ್ಟಪ್ಪಣೆ. ಹಾಗಾಗಿ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ಹೆಂಗಸರನ್ನು ಅತ್ತ ಕಳಿಸಿ, ಬಾಗಿಲು ಹಾಕಿಕೊಂಡರು. ಆ ಕಟ್ಟಡದಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ. ಹಾಕಿದರೆ ಯಾರಿಗೋ ಹೆರಿಗೆಯೋ, ಜಗಳವೋ, ಸಾವೋ ಇರಬೇಕು. ಗೋಪ್ಯತೆಗಾಗಿ ಹಾಕಿದ ಬಾಗಿಲೇ ಮೊದಲ ಸುದ್ದಿಯಾಯಿತು. ಇವಳು ರಕ್ತ ಕೊಡಲು ಒಪ್ಪಿದಳು. ಊದುಬತ್ತಿಯ ಮಸಿ ಹತ್ತಿದ ಬೆರಳನ್ನು ಸೋಪು ಹಾಕಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಚುಚ್ಚಿ, ಒಂದು ಹನಿಯನ್ನು ಕಾಗದದ ಕಾರ್ಡಿಗೆ ಹೀರಿಸಿಕೊಂಡು ಬಂದಳು ನಮ್ಮ ಹುಡುಗಿ. ಮಾರನೆಯ ದಿನ ನಲ್ಲಿಯ ಹತ್ತಿರ ಇವಳ ಹತ್ತು ಬೆರಳಲ್ಲಿ ಒಂದು ಮಾತ್ರ ಬೆಳ್ಳಗಿತ್ತಂತೆ. ಅದು ಎರಡನೆಯ ಸುದ್ದಿ.

ಆ ಕಾರ್ಡಿನ ವಿಷಯ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಾರ್ಡಿನ ಮೇಲೆ ಹೆಸರಿರುವುದಿಲ್ಲ, ಮನೆಯ ನಂಬರಿರುವುದಿಲ್ಲ. ಯಾರ ರಕ್ತದಲ್ಲಿ ಏನಿದೆ ಎಂದು ಪ್ರಯೋಗಾಲಯಕ್ಕೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಇಂತಿಷ್ಟು ಹೆಂಗಸರಲ್ಲಿ ಇಷ್ಟು ಮಂದಿಗೆ ಎಂಬುದಷ್ಟೇ ತಿಳಿಯುತ್ತದೆ. ಇದು ಬಹಳ ಉದಾತ್ತವಾದ ವ್ಯವಸ್ಥೆ ಎಂದು ನಾನೇ ತರಬೇತಿಯಲ್ಲಿ ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದೆ.

ಕ್ರಾಸಿನ ಮೂಲೆಯಲ್ಲೊಂದು ಬೇಕರಿ. ಅದರ ಮುಂದಿನ ಬೆಂಚು ನನ್ನ ಕಚೇರಿ. ಟ್ಯಾಬ್ಲೆಟ್ ಕೊಳ್ಳುವಷ್ಟು ದೊಡ್ಡ ಸಂಸ್ಥೆಯಲ್ಲವಾದ್ದರಿಂದ ಎಲ್ಲವೂ ಕಾಗದದ ಫಾರಮ್ಮು. ದಿನವೂ ಸಂಜೆ ಅವನ್ನು ತೊಡೆಯ ಮೇಲಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು, ಚೌಕ ಚೌಕವಾಗಿ ತಿದ್ದುತ್ತಿದ್ದೆ. ಹದಿನಾಲ್ಕನೇ ನಂಬರಿನ ಫಾರಂ ನೋಡಿ ಮನಸ್ಸು ತಂಪಾಯಿತು. ಒಂದು ಚೌಕವೂ ಖಾಲಿಯಿಲ್ಲ. ಸೋಂಕು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ, ಎಲ್ಲ ಸರಿಯುತ್ತರ. ನನ್ನ ಪ್ರಶ್ನೆಗೂ ಉತ್ತರ "ಹೌದು". ಹಳೆಯ ಅಭ್ಯಾಸ, ಅಂಚಿನಲ್ಲಿ "ಉತ್ತಮ" ಎಂದು ಬರೆದುಬಿಟ್ಟೆ.

ಇಪ್ಪತ್ತಮೂರರ ಫಾರಂನಲ್ಲಿ ಒಂದು ಚೌಕ ಖಾಲಿಯಿತ್ತು. ಒಟ್ಟು ಎಷ್ಟು ಸಲ ಬಸಿರಾಗಿದ್ದಿರಿ ಎಂಬಲ್ಲಿ ಮೂರು ಎಂದಿತ್ತು. ಒಂದು ಮಗಳು. ಒಂದು ತಾನಾಗಿಯೇ ಇಳಿದು ಹೋದದ್ದು. ಮೂರನೆಯದು ಏನಾಯಿತು ಎಂಬ ಜಾಗದಲ್ಲಿ ಏನೂ ಇರಲಿಲ್ಲ. ಖಾಲಿ ಬಿಟ್ಟ ಉತ್ತರವನ್ನು ನಾನು ಮೂವತ್ತೊಂದು ವರ್ಷದಲ್ಲಿ ಎಂದೂ ಕ್ಷಮಿಸಿದವನಲ್ಲ. ತಪ್ಪು ಬರೆದವನಿಗೆ ಅರ್ಧ ಅಂಕ ಕೊಟ್ಟೇನು, ಖಾಲಿ ಬಿಟ್ಟವನಿಗೆ ಕೊಡೆನು. ಚೌಕದ ಸುತ್ತ ಕೆಂಪು ಗೆರೆ ಎಳೆದು, "ಮತ್ತೆ ಹೋಗಿ ಕೇಳಿಕೊಂಡು ಬಾ" ಎಂದೆ.

ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿದಳು. "ಇರ್ಲಿ ಬಿಡ್ರಿ ಸರ್" ಎಂದಳು. ನಾನು ಬಿಡಲಿಲ್ಲ.

ಹೋದಳು, ಬಾಗಿಲು ಹಾಕಿಕೊಂಡರು, ಬಂದಳು. ಗೊತ್ತಿಲ್ಲ ಎಂದು ಬರೆದುಕೊಳ್ಳಲು ಹೇಳಿದರು ಎಂದಳು. ತನ್ನ ಬಸಿರು ಏನಾಯಿತೆಂದು ಹೆಂಗಸಿಗೆ ಗೊತ್ತಿಲ್ಲದಿರುವುದುಂಟೇ ಎಂದು ನಾನು, ಸ್ತ್ರೀ ಶರೀರದ ಬಗ್ಗೆ ಹೊಸದಾಗಿ ಮೂರು ವಾರದ ಪಾಂಡಿತ್ಯ ಸಂಪಾದಿಸಿದ್ದವನು, ತರ್ಕ ಹೂಡಿದೆ. ಎರಡನೇ ಸಲ ಕಳಿಸಿದೆ. ಮತ್ತೆ ಬಾಗಿಲು ಹಾಕಿಕೊಂಡರು, ಮತ್ತೆ ಅದೇ ಉತ್ತರ. ಮೂರನೇ ಸಲ ನಾನೇ ಹೊರಟೆ.

ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ, ಆ ನೀಲಿ ಬಾಗಿಲ ಮುಂದೆ ನಿಂತೆ. ಗಂಡಸಾದ ನಾನು ಒಳಗೆ ಹೋಗುವುದು ಸಭ್ಯತೆಯಲ್ಲ ಎಂದು ಹೊಸ್ತಿಲಾಚೆಯೇ ನಿಂತು ಕೇಳಿದೆ. ನನ್ನ ದನಿ ಕೊನೆಯ ಬೆಂಚಿಗೆ ತಲುಪಲೆಂದೇ ಪಳಗಿದ್ದು, ಮೆಲ್ಲಗೆ ಮಾತಾಡಿದರೂ ಎರಡು ತರಗತಿಗೆ ಕೇಳುತ್ತದೆ. "ಅಮ್ಮಾ, ನೀವು ರಕ್ತ ಕೊಟ್ರಲ್ಲ, ಆ ಎಚ್‌ಐವಿ ಫಾರಂನಲ್ಲಿ ಒಂದು ವಿಷಯ ಬಾಕಿ ಉಳಿದಿದೆ" ಎಂದೆ. ಕೆಳಗೆಲ್ಲೋ ಕುಕ್ಕರಿನ ಮುಚ್ಚಳ ತೆಗೆಯುತ್ತಿದ್ದ ಸದ್ದು ನಿಂತಿತು. ಅವಳು ಮಸಿಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ನನ್ನನ್ನು ನೋಡದೆ, ಗೊತ್ತಿಲ್ಲ ಅಂತ ಬರೆದುಕೊಳ್ಳಿ ಎಂದಳು. ನಾನು ಅಲ್ಲೇ, ಅವಳ ಬಾಗಿಲ ಮೇಲೆ ಫಾರಂ ಇಟ್ಟುಕೊಂಡು, ಗೊತ್ತಿಲ್ಲ ಎಂಬುದಕ್ಕಿದ್ದ ಅಂಕಿಯನ್ನು ಬರೆದೆ. ಚೌಕ ತುಂಬಿತು. ಇಳಿಯುವಾಗ ಮಂಡಿ ನೋಯಲಿಲ್ಲ ಎಂಬುದು ಈಗಲೂ ನೆನಪಿದೆ.

ಒಂದು ವಾರದ ಮೇಲೆ ಅವಳು ಬೇಕರಿಯ ಬೆಂಚಿನ ಹತ್ತಿರ ಬಂದಳು. ಕೂರಿ ಎಂದೆ, ಕೂರಲಿಲ್ಲ. ನಲ್ಲಿಗೆ ಬಿಂದಿಗೆ ಇಟ್ಟರೆ ಉಳಿದವರು ತಮ್ಮದನ್ನು ತೆಗೆದುಕೊಳ್ಳುತ್ತಿದ್ದಾರೆ ಎಂದಳು. ಮಗಳನ್ನು ಆಟಕ್ಕೆ ಕರೆಯುತ್ತಿಲ್ಲ. ಓನರ್ ಆಂಟಿ ಈ ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಗಂಡನಿಗೆ ಹೇಳಿದ್ದಾರೆ. ಗಂಡ ಕಾರ್ಖಾನೆಗೆ ನಡೆದು ಹೋಗುವಷ್ಟು ಹತ್ತಿರದ ಮನೆ. ಮಗಳಿಗೆ ವರ್ಷದ ನಡುವೆ ಶಾಲೆ ಬಿಡಿಸಬೇಕು. ಇಷ್ಟನ್ನೂ ದೂರಿನಂತೆ ಹೇಳಲಿಲ್ಲ, ಯಾರದೋ ಮನೆಯ ವಿಷಯದಂತೆ ಹೇಳಿದಳು. ಆಮೇಲೆ ಬಂದ ಕೆಲಸ ಹೇಳಿದಳು.

"ನನಗ ಆ ಬ್ಯಾನಿ ಇಲ್ಲ ಅಂತ ನೀವು ಒಂದ್ ಮಾತು ಹೇಳ್ರಿ ಸರ್. ನಿಮ್ಮ ಕಾಗದದಾಗ ಇರ್ತೈತಲ್ಲ."

ನಾನು ಗಂಟಲು ಸರಿಮಾಡಿಕೊಂಡು ನನ್ನ ಉಪನ್ಯಾಸ ಶುರುಮಾಡಿದೆ. ಕಾರ್ಡಿನ ಮೇಲೆ ಹೆಸರಿಲ್ಲ, ಯಾರದು ಯಾವುದೆಂದು ನಮಗೂ ತಿಳಿಯುವುದಿಲ್ಲ, ತಿಳಿದರೂ ಹೇಳುವ ಹಾಗಿಲ್ಲ, ಇದೆಲ್ಲ ನಿಮ್ಮ ರಕ್ಷಣೆಗೇ. ಅವಳು ಪೂರ್ತಿ ಕೇಳಿಸಿಕೊಂಡಳು. ಇಷ್ಟು ಗಮನವಿಟ್ಟು ಕೇಳಿದ ವಿದ್ಯಾರ್ಥಿ ನನಗೆ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ.

"ಹಂಗಾರ ನನ್ನ ರಕ್ತ ಯಾಕ ತಗೊಂಡ್ರಿ?"

ಕೈಪಿಡಿಯ ನೂರಾರು ಪುಟಗಳಲ್ಲಿ ಈ ಪ್ರಶ್ನೆಗೆ ಉತ್ತರ ಇತ್ತು. ದೇಶದ ಆರೋಗ್ಯ ನೀತಿ ಎಂದೇನೋ ಇತ್ತು. ಅದನ್ನು ಬಿಟ್ಟು, ಮನೆಯೊಡತಿಯ ಹತ್ತಿರ ಮಾತಾಡುತ್ತೇನೆ ಎಂದೆ.

ನಾನು ಮನೆಯೊಡತಿಯನ್ನು ನೋಡಲು ಹೋದೆ. ಅವರ ಹೊಸ್ತಿಲು ತೊಳೆದು ಅರಿಸಿನ ಬಳಿದಿತ್ತು, ಬಾಗಿಲವಾಡ ಒರೆಸಿತ್ತು. ನನ್ನ ಹದಿನಾಲ್ಕು ಎಂಬ ನಂಬರೂ ಅದರ ಕೆಂಪು ವೃತ್ತವೂ ಆ ಶುಕ್ರವಾರದ ಸಂಜೆಗೇ ನೀರಲ್ಲಿ ಹೋಗಿದ್ದವಂತೆ. ಮೂರನೇ ಮಹಡಿಯ ಬಾಗಿಲಲ್ಲಿ ಮಾತ್ರ ಅದು ಹಾಗೇ ಇತ್ತು. ಸರ್ಕಾರದವರು ಬರೆದದ್ದು, ಅಳಿಸಿದರೆ ತೊಂದರೆಯಾದೀತು ಎಂದು ಅವಳು ಅದನ್ನು ಮುಟ್ಟಿರಲಿಲ್ಲ. ಹೊಸ್ತಿಲು ತೊಳೆಯುವಾಗಲೂ ಆ ಕಡೆ ನೀರು ಹಾರದಂತೆ ನೋಡಿಕೊಂಡಿದ್ದಳಂತೆ.

ಮನೆಯೊಡತಿ ಕೂರಿಸಿದರು. ಕಾಫಿ ಬಂತು. ಈ ಸಲ ಪೇಪರ್ ಕಪ್ಪಿನಲ್ಲಿ. ದಿನವಿಡೀ ಅಂಥವರ ನಡುವೆ ಓಡಾಡುವ ಮೇಷ್ಟ್ರಲ್ಲವೇ.

ನಾನು ಒಂಬತ್ತರ ಮಗ್ಗಿಯನ್ನು ವಿವರಿಸಿದೆ. ನಿಮ್ಮ ಮನೆಗೂ ಅದೇ ಕೆಂಪು ವೃತ್ತ ಬಿದ್ದಿತ್ತಲ್ಲ ತಾಯಿ ಎಂದೆ. ನಮ್ಮದು ಬಿಡಿ, ನಮ್ಮನ್ನು ಊರೆಲ್ಲ ಬಲ್ಲದು ಎಂದರು. ಅದೂ ನಿಜವೇ. ಪರಿಚಯ ಇದ್ದವರ ಬಾಗಿಲಲ್ಲಿ ವೃತ್ತ ಬರೀ ವೃತ್ತವೇ. ಆಮೇಲೆ ಅವರು ಬೆರಳು ಮಡಿಸುತ್ತ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

"ನಾನು ಅಂಥೋಳಲ್ಲ ಮೇಷ್ಟ್ರೇ. ಅಂಥೋರಿಗೆ ಮನೆ ಕೊಡ್ತೀನಿ ಅಂತ ನಿಮ್ ಹುಡುಗಿಗೇ ಹೇಳಿದೀನಿ, ಬರ್ಕೊಂಡಿದಾಳೆ ನೋಡಿ ಬೇಕಾದ್ರೆ. ಆದ್ರೆ ಮಿಕ್ಕ ಹತ್ತು ಮನೆಯೋರು ಬಂದು ಕೂತವ್ರೆ. ಒಂದೇ ಸಂಪು, ಒಂದೇ ಟ್ಯಾಂಕು. ನನ್ ಮನೆಗೆ ಒಂದ್ಸಲ ಬಂದೋರು, ಅವಳ ಮನೆಗೆ ನಾಲ್ಕು ಸಲ ಯಾಕೆ ಬಂದ್ರಿ? ನೀವೇ ಖುದ್ದು ಹತ್ಕೊಂಡ್ ಹೋದ್ರಲ್ಲ, ಈ ಕಾಲಲ್ಲಿ."

ನಾಲ್ಕು ಸಲ ಯಾಕೆ ಬಂದೆವೆಂದು ನಾನು ಹೇಳುವ ಹಾಗಿರಲಿಲ್ಲ. ಹೇಳಿದರೆ ಖಾಲಿ ಚೌಕದ ವಿಷಯ ಹೇಳಬೇಕು. ಹೇಳದಿದ್ದರೆ ಅವರು ಅಂದುಕೊಂಡದ್ದೇ ಖಾಯಂ. ಪೇಪರ್ ಕಪ್ಪಿನ ಕಾಫಿಯನ್ನು ಕುಡಿದು ಮುಗಿಸಿದೆ. ಗೋಪ್ಯತೆಯನ್ನು ಅಕ್ಷರಶಃ ಪಾಲಿಸಿದ ಒಬ್ಬ ಮೇಲ್ವಿಚಾರಕ ಅಲ್ಲಿ ಕೂತಿದ್ದ, ಇತಿಹಾಸ ಗಮನಿಸಲಿ.

ಆಗ ನನಗೊಂದು ಉಪಾಯ ಹೊಳೆಯಿತು. ಹೊಳೆದದ್ದಕ್ಕೆ ಎಷ್ಟು ಹೆಮ್ಮೆಪಟ್ಟೆನೆಂದರೆ ಮನೆಗೆ ಹೋಗಿ ಹೆಂಡತಿಗೂ ಹೇಳಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಉಚಿತ. ಇವಳು ಹೋಗಿ ಮಾಡಿಸಿಕೊಂಡು, ಇಲ್ಲ ಎಂಬ ಕಾಗದ ತಂದು, ತಾನೇ ತೋರಿಸಲಿ. ನಾವು ಹೇಳಿದಂತೆಯೂ ಆಗಲಿಲ್ಲ, ನಿಯಮ ಮುರಿದಂತೆಯೂ ಆಗಲಿಲ್ಲ. ಹಾವೇರಿಯ ಹುಡುಗಿಯ ಮೂಲಕ ಹೇಳಿಕಳಿಸಿದೆ. ಹುಡುಗಿಗೆ ಇದು ಅಷ್ಟು ಹಿಡಿಸಲಿಲ್ಲ, ಆದರೆ ಬೇರೆ ದಾರಿಯನ್ನೂ ಅವಳು ಹೇಳಲಿಲ್ಲ. ಕೊಪ್ಪಳದವಳು ಒಂದು ದಿನದ ಊದುಬತ್ತಿಯ ಕೆಲಸ ಬಿಟ್ಟು, ಹುಡುಗಿಯ ಜೊತೆ ಆಸ್ಪತ್ರೆಗೆ ಹೋದಳು. ಕಾಗದ ಬಂತು. ಇಲ್ಲ ಎಂದೇ ಬಂತು. ಅವಳು ಅದನ್ನು ಮಗಳ ಹಳೆಯ ನೋಟ್‌ಬುಕ್ಕಿನ ನಡುವೆ ಮಡಚದೆ ಇಟ್ಟುಕೊಂಡು ಬಂದು ಮನೆಯೊಡತಿಯ ಕೈಗೆ ಕೊಟ್ಟಳು.

ಎರಡು ದಿನದ ಮೇಲೆ ನಾನು ಗೆದ್ದವನ ಗತ್ತಿನಲ್ಲಿ ಆ ಮನೆಗೆ ಹೋದೆ. ನೋಡಿದಿರಲ್ಲ ಕಾಗದ ಎಂದೆ. ನೋಡಿದೆ ಎಂದರು. ಮತ್ತಿನ್ನೇನು ಎಂದೆ. ಮನೆಯೊಡತಿ ನನ್ನತ್ತ ಬಾಗಿ, ನನಗೊಬ್ಬನಿಗೇ ಕೇಳುವಂತೆ, ಬಹಳ ಸಮಾಧಾನದಿಂದ ಹೇಳಿದರು.

"ಏನೂ ಇಲ್ದೋರು ಯಾರಾದ್ರೂ ಹೋಗಿ ಆ ಟೆಸ್ಟ್ ಮಾಡಿಸ್ತಾರಾ ಮೇಷ್ಟ್ರೇ? ನೀವ್ ಮಾಡಿಸಿದೀರಾ? ನಾನ್ ಮಾಡಿಸಿದೀನಾ?"

ನಾನು ಮಾಡಿಸಿರಲಿಲ್ಲ. ಅವರೂ ಮಾಡಿಸಿರಲಿಲ್ಲ. ಆ ಕಟ್ಟಡದಲ್ಲಿ ಸೋಂಕಿಲ್ಲ ಎಂದು ಕಾಗದವಿದ್ದದ್ದು ಒಬ್ಬಳಿಗೆ ಮಾತ್ರ. ಮನೆ ಬಿಡಬೇಕಾದವಳೂ ಅವಳೇ.

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಒಂದು ಗೂಡ್ಸ್ ಆಟೋ ಬಂತು. ಆವತ್ತು ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋಗಿ ಬೇಕರಿಯ ಬೆಂಚಿನ ಮೇಲೆ ಕೂತಿದ್ದೆ. ಒಂದು ಕಬ್ಬಿಣದ ಮಂಚ, ಗ್ಯಾಸ್ ಒಲೆ, ಪ್ಲಾಸ್ಟಿಕ್ ಡ್ರಮ್ಮು, ಊದುಬತ್ತಿ ಹೊಸೆಯುವ ಹಲಗೆ. ಗಂಡ ಹೊತ್ತು ತಂದದ್ದನ್ನು ಅವಳು ಆಟೋದ ಮೇಲೆ ನಿಂತು ಜೋಡಿಸುತ್ತಿದ್ದಳು. ಮೆಟ್ಟಿಲಿಳಿಯಲು ಕೈಕೊಡಲು ಯಾರೂ ಬರಲಿಲ್ಲ. ಕಿಟಕಿಗಳಲ್ಲಿ ಮಾತ್ರ ಹಾಜರಾತಿ ಪೂರ್ಣವಾಗಿತ್ತು. ಹಾವೇರಿಯ ಹುಡುಗಿ ರಜೆಯ ದಿನವೂ ಬಂದಿದ್ದಳು. ಮಗುವನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದಳು. ಆಟೋ ತಿರುಗಿದ ಮೇಲೆ ನನ್ನ ಪಕ್ಕ ಬಂದು ಕೂತಳು.

"ಆ ಚೌಕದ ವಿಷಯ ನನಗ ಮೊದ್ಲ ದಿನಾನ ಗೊತ್ತಿತ್ರಿ ಸರ್. ಹೇಳಿದ್ಳು. ಬರೀಬ್ಯಾಡ ಅಂದ್ಳು. ಅದಕ್ಕ ಬರೀಲಿಲ್ಲ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದೆ. ಇರಲಿ ಬಿಡಿ ಸರ್ ಎಂದು ಅವಳು ಹೇಳಿದ್ದು ನೆನಪಾಗಿ ಮುಚ್ಚಿದೆ. ಮೂರನೆಯದು ಏನಾಯಿತೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಸಮೀಕ್ಷೆಯಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ. ಒಂದು ತಿಂಗಳು ತಡವಾಗಿ ಬಿಟ್ಟೆ.

ಮನೆಯೊಡತಿ ಮಾರನೆಯ ದಿನವೇ ಆ ಬಾಗಿಲಿಗೂ ಅದರ ಅಕ್ಕಪಕ್ಕಕ್ಕೂ ಹಸಿರು ಬಣ್ಣ ಹೊಡೆಸಿದರು. ಗೇಟಿಗೆ ಮನೆ ಬಾಡಿಗೆಗಿದೆ ಎಂಬ ಬೋರ್ಡು ಬಂತು. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ನಾನು ಪೆನ್ನು ತೆಗೆಯಲಿಲ್ಲ.

ಮುಂದೆ ವರದಿ ಬಿಡುಗಡೆಯಾಯಿತು. ಹೋಟೆಲಿನ ಸಭಾಂಗಣ, ತಣ್ಣನೆಯ ಗಾಳಿ, ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು. ಅತಿ ಎತ್ತರದ ಕಂಬವೊಂದನ್ನು ತೋರಿಸಿ ಮುಖ್ಯಸ್ಥೆ ಸಂತೋಷಪಟ್ಟರು: ಈ ಭಾಗದ ಬಹುಪಾಲು ಹೆಂಗಸರು ಸೋಂಕಿತರಿಗೆ ಮನೆ ಬಾಡಿಗೆಗೆ ಕೊಡಲು ಸಿದ್ಧರಿದ್ದಾರೆ. ಈ ಪ್ರಶ್ನೆ ಸೂಚಿಸಿದವರು ನಮ್ಮ ಮೇಷ್ಟ್ರು ಎಂದು ನನ್ನತ್ತ ಕೈ ತೋರಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಕೈಮುಗಿದೆ. ಆ ಕಂಬದಲ್ಲಿ ಹದಿನಾಲ್ಕನೇ ನಂಬರೂ ಒಂದು ಇಟ್ಟಿಗೆಯೆಂದು ಹೇಳಬಹುದಿತ್ತು. ಹೇಳಲಿಲ್ಲ. ಗೋಪ್ಯತೆ. ಅದಾದ ಮೇಲೆ ಊಟಕ್ಕೆ ಹೋದೆ, ಎರಡು ಸಲ ಪಾಯಸ ಹಾಕಿಸಿಕೊಂಡೆ. ಇದನ್ನೂ ಬರೆಯದಿದ್ದರೆ ಇನ್ನೊಂದು ಚೌಕ ಖಾಲಿ ಬಿಟ್ಟಂತಾಗುತ್ತದೆ.

ಕಳೆದ ವರ್ಷ ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ನಿನ ಕೆಳಗೆ ಇಪ್ಪತ್ತಮೂರನೇ ನಂಬರಿನವಳು ಸಿಕ್ಕಳು. ಮಂಡಿಯ ಡಾಕ್ಟರನ್ನು ನೋಡಿಕೊಂಡು ಬರುತ್ತಿದ್ದೆ. ಮೆಟ್ಟಿಲ ಪಕ್ಕ ನಿಂತು ಮಗಳಿಗೆ ಸೌತೆಕಾಯಿ ಕೊಡಿಸುತ್ತಿದ್ದಳು. ಮಗಳು ಎತ್ತರವಾಗಿದ್ದಳು, ಬೇರೆ ಶಾಲೆಯ ಸಮವಸ್ತ್ರ. ತಾಯಿಯ ಬೆರಳುಗಳೆಲ್ಲ ಒಂದೇ ಬಣ್ಣದಲ್ಲಿದ್ದವು. ಊದುಬತ್ತಿ ಬಿಟ್ಟಿರಬೇಕು. ನನ್ನನ್ನು ಗುರುತು ಹಿಡಿದಳು. ಮುಖ ತಿರುಗಿಸಿಕೊಂಡಿದ್ದರೆ ಸುಲಭವಾಗುತ್ತಿತ್ತು. ಅವಳು ನಮಸ್ಕಾರ ಸರ್ ಎಂದಳು, ಆರಾಮಿದ್ದೀರಾ ಎಂದಳು, ನನ್ನ ಕಾಲು ನೋಡಿ, ಮೆಟ್ಟಿಲು ಬೇಡ ಲಿಫ್ಟಿದೆ ಎಂದು ಕೈತೋರಿಸಿದಳು. ಗಂಡ ಈಗ ಬೇರೆ ಕಡೆ ಕೆಲಸಕ್ಕೆ ಹೋಗುತ್ತಾನಂತೆ. ಮಗಳು ಚೆನ್ನಾಗಿ ಓದುತ್ತಾಳಂತೆ. ಕ್ಷಮಿಸಿ ಎಂಬ ಶಬ್ದವನ್ನು ನಾನು ಮೂವತ್ತೊಂದು ವರ್ಷ ಮಕ್ಕಳಿಂದ ಹೇಳಿಸಿದ್ದೇನೆ, ನಾನು ಹೇಳಿ ಅಭ್ಯಾಸವಿಲ್ಲ. ಅದರ ಬದಲು ನಾಲಿಗೆಗೆ ಬಂದದ್ದು ಫಾರಂನ ಮೊದಲ ಪುಟದ ಮೊದಲ ಪ್ರಶ್ನೆ.

"ಈಗ ಮನೆ ಎಲ್ಲಮ್ಮಾ?"

ಅವಳು ಸೌತೆಕಾಯಿಯ ಹೋಳುಗಳನ್ನು ಮಗಳ ಕೈಗೆ ಕೊಟ್ಟು, ಅವಳ ಇನ್ನೊಂದು ಕೈ ಹಿಡಿದುಕೊಂಡಳು. ಸಿಟ್ಟೇನೂ ಇರಲಿಲ್ಲ.

"ಅದೊಂದು ಕೇಳಬ್ಯಾಡ್ರಿ ಸರ್."

ಉತ್ತರಿಸಲು ಒಪ್ಪದವರಿಗೆಂದು ಫಾರಂನಲ್ಲಿ ಒಂದು ಅಂಕಿಯಿದೆ. ಅದು ನನಗೆ ಬಾಯಿಪಾಠ. ಅವರಿಬ್ಬರೂ ರಸ್ತೆ ದಾಟಿ ಬಾಪೂಜಿ ನಗರದ ಕಡೆಗೋ, ಇನ್ನೆಲ್ಲಿಗೋ ಹೋಗುವುದು ಕಾಣುವಂತಿತ್ತು. ಯಾವ ಕಡೆಗೆಂದು ನೋಡದಿರಲು ನಾನು ಲಿಫ್ಟಿನತ್ತ ತಿರುಗಿ ನಿಂತೆ.